ವರ್ಲಿಯ ಕಪ್ಪೆ

ಮುಂಬಯಿಯ ಮಕ್ಕಳಿಗೆ ಡೈನೊಸಾರ್‌ಗಳ ಹೆಸರೆಲ್ಲ ಬಾಯಿಪಾಠ. ಗೋರೆಗಾಂವ್‌ನಲ್ಲಿ ಭೂಗೋಳ ಕಲಿಸುತ್ತಿದ್ದಷ್ಟು ಕಾಲವೂ ನಾನು ಹೇಳುತ್ತಿದ್ದುದು ಕಪ್ಪೆಯ ಕಥೆ. ಡೈನೊಸಾರ್‌ಗಳ ಗುಂಪಿಗೆ 1842ರಲ್ಲಿ ಆ ಹೆಸರು ಕೊಟ್ಟವರು ರಿಚರ್ಡ್ ಓವೆನ್. 1847ರಲ್ಲಿ ಅವರೇ ನಮ್ಮ ಬೊಂಬಾಯಿಯ ಕಲ್ಲಿನಲ್ಲಿದ್ದ ಪುಟ್ಟ ಕಪ್ಪೆಗೂ ನಾಮಕರಣ ಮಾಡಿದರು: ರಾನಾ ಪುಸಿಲ್ಲಾ.

ಅದು ಸಿಕ್ಕಿದ್ದು ವರ್ಲಿ ಕಡೆಯ ಕಪ್ಪು ಜೇಡಿಕಲ್ಲಿನಲ್ಲಿ, ಹಳೆಯ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಡುವ ಕಲ್ಲಿನಲ್ಲಿ. ಆರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಲಾವಾ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟುತ್ತಿತ್ತು. ಎರಡು ಹರಿವುಗಳ ನಡುವಿನ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು, ಗಿಡ ಚಿಗುರಿ, ಕಪ್ಪೆ ಆಮೆಗಳು ಬದುಕಿದವು. ಸತ್ತವು ಕೆಸರಿನಲ್ಲಿ ಹೂತವು. ಅದರ ಮೇಲೆ ಮತ್ತೆ ಲಾವಾ ಬಂತು. ಅಂಥ ಬೆಂಕಿಯ ಕಾಲದಲ್ಲೂ ಕೊಳದ ಬದುಕು ನಡೆದೇ ಇತ್ತು ಎಂಬುದು ನನಗೆ ಇಂದಿಗೂ ದೊಡ್ಡ ಸಂಗತಿ.

ಸೇನಾ ವೈದ್ಯ ಹೆನ್ರಿ ಜಾನ್ ಕಾರ್ಟರ್ 1852ರಲ್ಲಿ ಬೊಂಬಾಯಿ ದ್ವೀಪದ ಭೂವಿಜ್ಞಾನವನ್ನು ಬರೆದರು. ಇಲ್ಲಿ ದೊರೆತ ಸಿಹಿನೀರಿನ ಆಮೆಗೆ ಲೀತ್ ಎಂಬ ಇನ್ನೊಬ್ಬ ವೈದ್ಯರ ಹೆಸರಿಟ್ಟರು. ಮುಂದೆ ಆ ಆಮೆಯ ಕುಲಕ್ಕೇ ಕಾರ್ಟರ್ ಹೆಸರು ಸೇರಿ ಅದು ಕಾರ್ಟರೆಮಿಸ್ ಆಯಿತು. ಕಪ್ಪೆಗೂ ಹೆಸರು ಬದಲಾಯಿತು. 1930ರಲ್ಲಿ ಅಮೆರಿಕದ ಜಿ. ಕೆ. ನೋಬಲ್ ಅದಕ್ಕೆ ಇಂಡೊಬಟ್ರಾಕಸ್ ಎಂಬ ಬೇರೆಯೇ ಕುಲ ಮಾಡಿ, ಆಸ್ಟ್ರೇಲಿಯಾದ ಕಪ್ಪೆಗಳೊಂದಿಗೆ ನಂಟು ತೋರಿಸಿದರು.

ಗೋರೆಗಾಂವ್‌ನಿಂದ ಅಂಧೇರಿ ಕಡೆ ಹೊರಟರೆ ಎರಡನೇ ಸ್ಟೇಷನ್ ಜೋಗೇಶ್ವರಿ. ಅಲ್ಲಿನ ಅಂಬೋಲಿ ಕಲ್ಲುಗಣಿಯಲ್ಲೂ ಇಂಥ ಪದರವಿದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಮುಂಬಯಿಯ ಈ ಪದರಗಳಲ್ಲಿ ಉಳಿದ ಪರಾಗ, ಸಸ್ಯಾವಶೇಷಗಳನ್ನು ನೋಡಿ, ಇವು ಡೈನೊಸಾರ್‌ಗಳು ಅಳಿದ ನಂತರದವು ಎಂದಿತು. ಅಂದರೆ ಮಹಾನಾಶ ಮುಗಿದ ಮೇಲೂ ಉಳಿದವರ ದಾಖಲೆ ನಮ್ಮ ಲೋಕಲ್ ಟ್ರೇನಿನ ಹಾದಿಯಲ್ಲೇ ಇದೆ!

ಅಂಧೇರಿಯ ಗಿಲ್ಬರ್ಟ್ ಹಿಲ್ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ: ಸುಮಾರು 200 ಅಡಿ ಎತ್ತರಕ್ಕೆ ನೆಟ್ಟಗೆ ನಿಂತ ಕರಿಗಲ್ಲಿನ ಕಂಬಗಳು, ನೆತ್ತಿಯ ಮೇಲೆ ಗಾವ್‌ದೇವಿ ಗುಡಿ, ಬುಡದವರೆಗೂ ಒತ್ತಿಕೊಂಡು ಬಂದ ಮನೆಗಳು. 1952ರಲ್ಲಿ ಅದಕ್ಕೆ ರಾಷ್ಟ್ರೀಯ ಉದ್ಯಾನದ ರಕ್ಷಣೆ ಸಿಕ್ಕಿತು. ಕೈಬೆರಳಲ್ಲಿ ಪುಡಿಯಾಗುವ ಜೇಡಿಪದರಕ್ಕೆ ಅಂಥ ಕಾವಲು ಇಲ್ಲ. ಹಳೆಯ ಚಾಳ್ ಕೆಡವಿ ಟವರ್ ಕಟ್ಟುವಾಗ ತೆಗೆದ ಮಣ್ಣು ರಾತ್ರೋರಾತ್ರಿ ಲಾರಿ ಹತ್ತಿ ಹೋಗುತ್ತದೆ.

ನಿಮ್ಮ ಸೊಸೈಟಿಯ ಪಾಯದ ಗುಂಡಿಯಲ್ಲಿ ಕರಿಗಲ್ಲುಗಳ ನಡುವೆ ಹಾಳೆಹಾಳೆಯಾದ ಕಪ್ಪು ಪದರ ಕಂಡರೆ ಫೋಟೋ ತೆಗೆದಿಡಿ, ಒಂದು ತುಂಡು ಎತ್ತಿಡಿ. ಲಾರಿ ಬರುವ ಮುಂಚೆ ಪವಾಯಿಯ ಐಐಟಿಯ ಭೂವಿಜ್ಞಾನ ವಿಭಾಗಕ್ಕೆ ಒಂದು ಫೋನ್ ಮಾಡಿ.