ಒಂದ ಹಾರ, ಇಬ್ಬರು ಅಶೋಕ್

1982ರಾಗ ಗುಲ್ಜಾರ್ ಮಾಡಿದ ‘ಅಂಗೂರ್’ ನೋಡೀರೇನ್ರಿ? ಸಂಜೀವ್ ಕುಮಾರ್ ಇಬ್ಬರು, ಅವರ ಆಳು ದೇವೇನ್ ವರ್ಮಾನೂ ಇಬ್ಬರು. ಪತ್ತೇದಾರಿ ಕಾದಂಬರಿ ಓದೋ ಅಶೋಕ್ ಪರಊರಿಗೆ ಬರತಾನ. ಎಲ್ಲಾರೂ ಗುರುತು ಹಿಡಿದು ಮಾತಾಡಿಸಿದ ಕೂಡ್ಲೇ, ಇದು ಕಳ್ಳರ ಗ್ಯಾಂಗ್ ಅಂತ ಹೆದರತಾನ. ಆ ಊರಿನ ಅಶೋಕ್ ಮಾಡಿಸಿದ ಹಾರನೂ ಇವನ ಕೈಗೇ ಬರತದ.

ಮೂಲ ಶೇಕ್ಸ್‌ಪಿಯರ್‌ನ ನಾಟಕ. 1869ರಾಗ ವಿದ್ಯಾಸಾಗರರು ಬಂಗಾಲಿಗೆ ತಂದ್ರು. 1871ರಾಗ ಚನ್ನಬಸಪ್ಪನವರು ‘ನಗದವರನ್ನು ನಗಿಸುವ ಕತೆ’ ಅಂತ ಕನ್ನಡಕ್ಕ ತಂದ್ರು. 1997ರಾಗ ಎನ್. ಎಸ್. ಶಂಕರ್ ‘ಉಲ್ಟಾ ಪಲ್ಟಾ’ ಮಾಡಿದ್ರು.

ಆದ್ರ ನಾನು ನೋಡೋದು ಹೆಂಡ್ತಿ ಸುಧಾನ್ನ. ಮನಿಗೆ ಕರಕೊಂಡು ಬಂದ ಗಂಡ ‘ನೀ ಯಾರು?’ ಅಂದ್ರ ಆಕಿ ಎದಿ ಏನಾಗಬೇಕು? ನಾವು ನಗತೇವಿ, ಆಕಿ ಸಂಸಾರ ಅಲ್ಲಾಡತದ. ಆ ಹೆದರಿಕಿ ಖರೇ ಇರೋದಕ್ಕೇ ಈ ನಗಿ ಇನ್ನೂ ಹಳೇದಾಗಿಲ್ಲ.