ಸಂತ ವಿನ್ಸೆಂಟ್ ದಿ ಪೌಲ್ ಸಭೆ: ಹುಟ್ಟು ಮತ್ತು ಕಾರ್ಯವಿಧಾನ

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ 'ಸಾಂ ವಿಶೆಂತ್ ಪಾವ್ಲ್ ಸಭಾ' ಎಂದು ಪರಿಚಿತವಾಗಿರುವ ಸಂತ ವಿನ್ಸೆಂಟ್ ದಿ ಪೌಲ್ ಸಭೆಯು ಪ್ರಾರ್ಥನೆ ಹಾಗೂ ಬಡವರ ಸೇವೆಗೆ ಮೀಸಲಾದ ಶ್ರೀಸಾಮಾನ್ಯ ಕಥೋಲಿಕರ ಸಂಘಟನೆ. ಸುಮಾರು 150 ದೇಶಗಳಲ್ಲಿ ಹರಡಿರುವ ಈ ಸಭೆಯನ್ನು ಆರಂಭಿಸಿದವರು ಧರ್ಮಾಧ್ಯಕ್ಷರೂ ಅಲ್ಲ, ಧರ್ಮಗುರುಗಳೂ ಅಲ್ಲ.

1832ರಲ್ಲಿ ಪ್ಯಾರಿಸ್ ನಗರದಲ್ಲಿ ಕಾಲರಾ ಹರಡಿ ಸಾವಿರಾರು ಮಂದಿ ಸತ್ತರು. ಆಗ ಅಲ್ಲಿ ಕಾನೂನು ಓದುತ್ತಿದ್ದ ಫ್ರೆಡೆರಿಕ್ ಓಝನಾಂ ಗೆಳೆಯರೊಂದಿಗೆ 'ಇತಿಹಾಸ ಕಾನ್ಫರೆನ್ಸ್' ಎಂಬ ಚರ್ಚಾಕೂಟದಲ್ಲಿ ಧರ್ಮಸಭೆಯ ಪರವಾಗಿ ವಾದಿಸುತ್ತಿದ್ದರು. ಹಿಂದಿನ ಕಥೆ ಇರಲಿ, ಇಂದು ಬಡವರಿಗಾಗಿ ನೀವೇನು ಮಾಡುತ್ತಿದ್ದೀರಿ ಎಂಬ ಸವಾಲು ಎದುರು ಪಕ್ಷದಿಂದ ಬಂತು. ವಾದದಲ್ಲಿ ಇದಕ್ಕೆ ಉತ್ತರವಿರಲಿಲ್ಲ. 1833ರ ಏಪ್ರಿಲ್ 23ರಂದು, ಓಝನಾಂ ಅವರಿಗೆ 20 ತುಂಬಿದ ದಿನ, ಆರು ವಿದ್ಯಾರ್ಥಿಗಳು ಹಾಗೂ ಹಿರಿಯರಾದ ಪತ್ರಿಕಾ ಸಂಪಾದಕ ಎಮ್ಮಾನುವೆಲ್ ಬೈಯ್ಯಿ ಸೇರಿ ಮೊದಲ ಸಭೆ ನಡೆಸಿದರು. ಘಟಕಗಳನ್ನು ಇಂದಿಗೂ 'ಕಾನ್ಫರೆನ್ಸ್' ಎಂದು ಕರೆಯುವುದು ಆ ಚರ್ಚಾಕೂಟದ ನೆನಪಿನಿಂದಲೇ.

ಉತ್ಸಾಹವಿತ್ತು, ಅನುಭವವಿರಲಿಲ್ಲ. ಮುಫೆತಾರ್ ಬಡಾವಣೆಯ ಬಡವರ ಮಧ್ಯೆ ದುಡಿಯುತ್ತಿದ್ದ ಧರ್ಮಭಗಿನಿ ರೊಸಾಲಿ ರೆಂದು ಅವರಿಗೆ ಕುಟುಂಬಗಳನ್ನು ತೋರಿಸಿದರು, ರೊಟ್ಟಿ ಮತ್ತು ಸೌದೆಯ ಚೀಟಿಗಳನ್ನು ಕೊಟ್ಟು ಕಳುಹಿಸಿದರು, ಬಡವರೊಡನೆ ಹೇಗೆ ನಡೆದುಕೊಳ್ಳಬೇಕೆಂದೂ ಕಲಿಸಿದರು. 2003ರಲ್ಲಿ ಅವರನ್ನು ಪುನೀತರೆಂದು ಸಾರಲಾಯಿತು.

ಮನೆಭೇಟಿಯೇ ಈ ಸಭೆಯ ಜೀವಾಳ. ಸದಸ್ಯರು ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಹೋಗುತ್ತಾರೆ; ಜಾತಿ ಮತ ಕೇಳುವುದಿಲ್ಲ; ಕಂಡದ್ದನ್ನು ಹೊರಗೆ ಹೇಳುವುದಿಲ್ಲ. ಚರ್ಚ್ ಅಂಗಳದಲ್ಲಿ ಸಾಲು ನಿಲ್ಲಿಸಿ ಅಕ್ಕಿ ಹಂಚಿ ಫೋಟೊ ತೆಗೆಯುವುದು ಸುಲಭ, ಆದರೆ ಅದು ಈ ಸಭೆಯ ದಾರಿಯಲ್ಲ. ಆ ಮನೆಯ ಚಾಪೆಯ ಮೇಲೆ ಅರ್ಧ ಗಂಟೆ ಕುಳಿತರೆ ಮಾತ್ರ ಬೇಕಾದದ್ದು ಅಕ್ಕಿಯಲ್ಲ, ವಿಧವಾ ವೇತನದ ಅರ್ಜಿ ಬರೆದುಕೊಡುವವರು ಎಂದು ತಿಳಿಯುತ್ತದೆ. ಕೂಟಗಳು ಪ್ರಾರ್ಥನೆಯಿಂದ ಆರಂಭವಾಗಿ ಪ್ರಾರ್ಥನೆಯಿಂದ ಮುಗಿಯುತ್ತವೆ. ನಡುವೆ ಚೀಲವೊಂದು ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರು, ಯಾರು ಬರಿಗೈ ಹಾಕಿದರು ಎಂಬುದು ಪಕ್ಕದವರಿಗೂ ತಿಳಿಯದು.

ಓಝನಾಂ ಮುಂದೆ ಸೊರ್ಬೊನ್‌ನಲ್ಲಿ ಪ್ರಾಧ್ಯಾಪಕರಾದರು. ವಿವಾಹಿತರು, ಒಬ್ಬ ಮಗಳ ತಂದೆ. ದಾನವೊಂದೇ ಸಾಲದು, ದುಡಿಯುವವರಿಗೆ ನ್ಯಾಯವಾದ ಕೂಲಿ ಸಿಗಬೇಕು ಎಂಬುದು ಅವರ ನಿಲುವಾಗಿತ್ತು. 1853ರ ಸೆಪ್ಟೆಂಬರ್ 8ರಂದು, ನಾವು ಮೊಂತಿ ಹಬ್ಬ ಆಚರಿಸುವ ದಿನ, 40ರ ಪ್ರಾಯದಲ್ಲಿ ಮಾರ್ಸೇಯಲ್ಲಿ ನಿಧನರಾದರು. 1997ರ ಆಗಸ್ಟ್ 22ರಂದು ಜಗದ್ಗುರು ಎರಡನೇ ಜಾನ್ ಪೌಲರು ಪ್ಯಾರಿಸ್ಸಿನಲ್ಲೇ ಅವರಿಗೆ ಪುನೀತ ಪದವಿ ನೀಡಿದರು. ಅವರ ಸ್ಮರಣೆ ಸೆಪ್ಟೆಂಬರ್ 9ರಂದು. ಸಭೆಯ ಪಾಲಕರಾದ ಸಂತ ವಿನ್ಸೆಂಟರ ಹಬ್ಬ ಅದೇ ತಿಂಗಳ 27ರಂದು.