ನಾಗಾವಿ: ಆರು ಜನ ಲೈಬ್ರರಿಯನ್ ಇದ್ದ ಊರು

ಕಲಬುರಗಿಯ ಯಾವುದೋ ರೀಡಿಂಗ್ ರೂಮಿನಿಂದ ಹೊರಗ ಬಂದು ಚಹಾ ಕುಡೀತಾ ಇದನ್ನ ಕೇಳ್ತಿದ್ದೀರಾ? ಅಥವಾ ಕಮಲಾಪುರದಿಂದ ಬೆಳಗಿನ ಬಸ್ ಹತ್ತಿ, ಇಯರ್‌ಫೋನ್ ಹಾಕ್ಕೊಂಡು ಕಾಲೇಜಿಗೆ ಬರ್ತಿದ್ದೀರಾ? ಹಾಗಾದ್ರೆ ಇವತ್ತಿನ ಕತೆ ನಿಮ್ಮಂಥವರದ್ದೇ. ಓದೋದಕ್ಕಂತ ಮನೆ ಬಿಟ್ಟು ಬಂದವರ ಕತೆ. ಸುಮಾರು ಸಾವಿರ ವರ್ಷ ಹಿಂದಿಂದು, ಅಷ್ಟೇ.

ನಾನು ಬೆಂಗಳೂರಿನ ಪಿಜಿಯಲ್ಲಿದ್ದಾಗ ರೂಮ್‌ಮೇಟ್ ಒಬ್ಬ ಕೇಳಿದ್ದ: ‘ನಿಮ್ಮ ಕಡೆ ಓದೋ ವಾತಾವರಣಾನೇ ಇಲ್ವಂತೆ, ಹೌದಾ?’ ಅವನಿಗೆ ಕೊಡೋಕೆ ಆಗ ನನ್ನ ಹತ್ರ ಉತ್ತರ ಇರಲಿಲ್ಲ. ನಾಗಾವಿ ಅನ್ನೋ ಹೆಸರೂ ಗೊತ್ತಿರಲಿಲ್ಲ.

ಕಲಬುರಗಿಯಿಂದ ಚಿತ್ತಾಪುರಕ್ಕೆ ಹೋಗ್ರಿ. ಊರ ಹತ್ತಿರದಲ್ಲೇ ನಾಗಾವಿ. ನಮ್ಮ ಜನಕ್ಕೆ ಅದು ಯಲ್ಲಮ್ಮನ ಕ್ಷೇತ್ರ. ಗುಡಿಗೆ ಹೋಗ್ತಾರೆ, ಕಾಯಿ ಒಡೀತಾರೆ, ವಾಪಸ್ ಬರ್ತಾರೆ. ಆದರೆ ಸುತ್ತಮುತ್ತ ಬಿದ್ದಿರೋ ಗುಡಿಗಳು, ಅರವತ್ತು ಕಂಬದ ಗುಡಿ, ಶಾಸನದ ಕಲ್ಲುಗಳು, ಇವೆಲ್ಲ ಒಂದು ಕಾಲದ ದೊಡ್ಡ ವಿದ್ಯಾಕೇಂದ್ರದ ಉಳಿಕೆ. ಶಾಸನದಲ್ಲಿ ಊರಿನ ಹೆಸರು ನಾಗವಾವಿ. ವಾವಿ ಅಂದ್ರೆ ನಮ್ಮ ಬಾವಿನೇ.

1058ನೇ ಇಸವಿ. ಕಲ್ಯಾಣದಲ್ಲಿ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ, ಬಿರುದು ತ್ರೈಲೋಕ್ಯಮಲ್ಲ. ಅವನ ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನ ಕಟ್ಟಿಸಿದ. ಘಟಿಕಾಸ್ಥಾನ ಅಂದ್ರೆ ಉನ್ನತ ಓದಿನ ಜಾಗ, ಊಟ-ವಸತಿ ಸಮೇತ. ಶಾಸನ ಹೆಚ್ಚುಕಮ್ಮಿ ಒಂದು ಅಡ್ಮಿಷನ್ ನೋಟಿಸ್ ಥರಾನೇ ಇದೆ: ವೇದ ಓದೋರು 200, ಶಾಸ್ತ್ರ ಓದೋರು 52. ವೇದಕ್ಕೆ ಮೂವರು ಗುರುಗಳು, ಶಾಸ್ತ್ರಕ್ಕೆ ಮೂವರು. ಆಮೇಲೆ ಬರುತ್ತೆ ನೋಡ್ರಿ ನನಗೆ ಇಷ್ಟವಾದ ಸಾಲು, ‘ಸರಸ್ವತೀ ಭಂಡಾರಿಗರು’ ಆರು ಜನ. ಸರಸ್ವತಿಯ ಭಂಡಾರ, ಅಂದ್ರೆ ಪುಸ್ತಕ ಭಂಡಾರ. ಅದನ್ನ ನೋಡಿಕೊಳ್ಳೋರು ಆರು ಮಂದಿ.

ಲೆಕ್ಕ ಹಾಕಿ: ಮೇಷ್ಟ್ರು ಆರು, ಲೈಬ್ರರಿಯನ್ ಆರು! 42 ವಿದ್ಯಾರ್ಥಿಗೆ ಒಬ್ಬ. ಯಾಕಪ್ಪಾ ಇಷ್ಟು ಜನ? ತಾಳೆಗರಿ ಅಂದ್ರೆ ಸುಮ್ನೆ ಕಪಾಟಿನಲ್ಲಿಟ್ಟು ಮರೆಯೋ ವಸ್ತು ಅಲ್ಲ. ಹುಳ ತಿನ್ನುತ್ತೆ, ಅಂಚು ಮುರಿಯುತ್ತೆ. ಎಣ್ಣೆ ಹಚ್ಚಬೇಕು, ಬಿಚ್ಚಿ ಗಾಳಿಗಿಡಬೇಕು, ಹಾಳಾಗೋ ಮೊದಲು ಇನ್ನೊಂದು ಪ್ರತಿ ಬರೆಯಬೇಕು.

ಶಾಸ್ತ್ರದ ಮೂರು ವಿಷಯಗಳಲ್ಲೂ ಒಂದು ಮಜಾ ಅದ. ಒಂದು ನ್ಯಾಯ. ಉಳಿದೆರಡು, ಭಟ್ಟ ದರ್ಶನ ಮತ್ತು ಪ್ರಭಾಕರ. ಇವೆರಡೂ ಮೀಮಾಂಸೆಯ ಪಂಥಗಳೇ, ಆದ್ರೆ ಒಂದರ ವಾದ ಇನ್ನೊಂದು ಒಪ್ಪೋದಿಲ್ಲ. ಜಗಳಗಂಟ ಪಂಥಗಳೆರಡಕ್ಕೂ ಒಂದೇ ಕಡೆ ಜಾಗ ಕೊಟ್ಟಿದ್ದಾರೆ.

ಇದನ್ನ ‘ದಕ್ಷಿಣದ ನಾಲಂದಾ’ ಅಂತ ಕರೆಯೋರಿದ್ದಾರೆ. ನನಗೇನೋ ಅದು ಬೇಡ ಅನ್ಸುತ್ತೆ. ನಾಲಂದಾ ಬಹಳ ದೊಡ್ಡದು, ಬೌದ್ಧರದ್ದು. ನಾಗಾವಿಗೆ ಅದರದೇ ಲೆಕ್ಕ ಸಾಕು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಇಲ್ಲಿ ಎಲ್ಲರಿಗೂ ಸೀಟ್ ಇರಲಿಲ್ಲ. ವೇದ ಕಲಿಯೋ ಹಕ್ಕು ಯಾರಿಗಿತ್ತು ಅಂತ ನಿಮಗೆ ಗೊತ್ತು. ಗುರುಗಳ ಜೀವನಕ್ಕೆ ದತ್ತಿ ಬಿಟ್ಟ ಭೂಮಿಯಲ್ಲಿ ದುಡಿದವನ ಮಗನಿಗೆ, ಮಗಳಿಗಂತೂ ಆ ಬಾಗಿಲು ತೆರೀಲಿಲ್ಲ. ನೂರು ವರ್ಷದ ಒಳಗೇ ಅದೇ ಕಲ್ಯಾಣದಲ್ಲಿ ಅಂಬಿಗರು, ಮಾದಾರರು, ಹೆಣ್ಣುಮಕ್ಕಳು ಕನ್ನಡದಲ್ಲಿ ವಚನ ಹೇಳೋಕೆ ಶುರು ಮಾಡಿದ್ರು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೇನೇ ನಮ್ಮ ಭಾಗದ ಇತಿಹಾಸ ಅರ್ಥ ಆಗೋದು.

ಹಾಳಾಗಿದ್ದು ಹೇಗೆ? ಇಂಗ್ಲೆಂಡಿನಲ್ಲಾದ್ರೆ ಉತ್ತರ ಸುಲಭ. ಯಾರ್ಕ್‌ಷೈರಿನ ಫೌಂಟನ್ಸ್ ಅಬ್ಬೆ ಅನ್ನೋ ಕ್ರೈಸ್ತ ಮಠ ಶುರುವಾಗಿದ್ದು 1132ರಲ್ಲಿ, ಎಂಟನೇ ಹೆನ್ರಿ ಮುಚ್ಚಿಸಿದ್ದು 1539ರಲ್ಲಿ. ಆ ಕಾಲದಲ್ಲಿ ಮುಚ್ಚಿದ ಮಠಗಳ ಪುಸ್ತಕದ ಹಾಳೆಗಳು ಸಾಮಾನು ಕಟ್ಟೋಕೆ ಕಿರಾಣಿ ಅಂಗಡಿಗೆ ಹೋದವು ಅಂತ ಜಾನ್ ಬೇಲ್ ಅನ್ನೋ ಲೇಖಕ 1549ರಲ್ಲಿ ಗೋಳಾಡಿದ್ದಾನೆ. ಪುಸ್ತಕ ರದ್ದಿಗೆ ಹೋಗೋದು ಹೊಸದೇನಲ್ಲ ಬಿಡ್ರಿ.

ನಾಗಾವಿಗೆ ಅಂಥ ಒಬ್ಬ ಹೆನ್ರಿ ಬೇಕಾಗಿರಲಿಲ್ಲ ಅಂತ ನನ್ನ ಅಂದಾಜು. 12ನೇ ಶತಮಾನ ಮುಗಿಯೋ ಹೊತ್ತಿಗೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯೇ ಮುಗಿದಿತ್ತು. ಕೊಡೋ ಕೈ ಇಲ್ಲ ಅಂದ್ಮೇಲೆ ಭಂಡಾರಿಗರಿಗೆ ಅನ್ನ ಎಲ್ಲಿಂದ? ಪ್ರತಿ ಮಾಡೋರು ನಿಂತರೆ ತಾಳೆಗರಿ ತಾನಾಗೇ ಮುಗಿಯುತ್ತೆ. ಬೆಂಕಿ ಹಚ್ಚಬೇಕಂತಿಲ್ಲ.

ಉಳಿದದ್ದು ಕಲ್ಲಿನ ಬರಹ. ಹೈದರಾಬಾದ್ ನಿಜಾಮರ ಪುರಾತತ್ವ ಇಲಾಖೆ 1928ರಲ್ಲಿ ನಾಗಾವಿಯ ಶಾಸನಗಳನ್ನ ಪುಸ್ತಕವಾಗಿ ಅಚ್ಚು ಹಾಕಿಸಿತು. ಮೇಲಿನ ಲೆಕ್ಕವೆಲ್ಲ ನಮಗೆ ದಕ್ಕಿದ್ದು ಹೀಗೆ. ಹೋದಾಗ ಕಂಬಗಳ ಮೇಲೆ ಹೆಸರು ಕೆತ್ತಬೇಡ್ರಿ, ಅಷ್ಟು ಸಾಕು.

ಮುಂದಿನ ವಾರ ಕಮಲಾಪುರದವರ ಸರದಿ. ಹುಮನಾಬಾದ್ ರಸ್ತೆಯ ಹೊಳಕುಂದಾ ಗುಂಬಜ್‌ಗಳನ್ನ ನೋಡೋಣ. ಬಸ್ಸಿನ ಕಿಟಕಿಯಿಂದ ನೋಡಿರ್ತೀರಿ, ಇಳಿದು ನೋಡಿರಲಿಕ್ಕಿಲ್ಲ.